ಡ್ರೂಡ್ ಮಾದರಿಯಲ್ಲಿ ವಾಹಕತೆ ಆರು ಪಟ್ಟು ಕಡಿಮೆ ಬರ್ತಿದೆ, ಅನುಭವ ಇರುವವರು ಹೇಳಿ

ಪ್ರಶ್ನೆ: ಎಂಎಸ್ಸಿ ಪ್ರಾಜೆಕ್ಟಿಗೆ ಎಫ್‌ಡಿಟಿಡಿ ಕೋಡ್ (ಅಲೆಯನ್ನು ಕಾಲದಲ್ಲಿ ಸಣ್ಣ ಸಣ್ಣ ಹೆಜ್ಜೆಯಾಗಿ ಲೆಕ್ಕ ಹಾಕುವ ವಿಧಾನ) ಬರೆಯುತ್ತಿದ್ದೇನೆ. ತಾಮ್ರದ ತಗಡಿನ ಮೇಲೆ ವಿದ್ಯುತ್ಕಾಂತೀಯ ಅಲೆ ಬಿದ್ದರೆ ಏನಾಗುತ್ತದೆ ಅಂತ ನೋಡಬೇಕು. ಡ್ರೂಡ್ ಮಾದರಿ ಹಾಕಿದ್ದೇನೆ, ಅಂದರೆ ಬಿಡಿ ಎಲೆಕ್ಟ್ರಾನ್‌ಗಳು ಓಡಾಡುತ್ತಾ ಆಗಾಗ ಡಿಕ್ಕಿ ಹೊಡೆಯುತ್ತವೆ ಅನ್ನುವ ಸರಳ ಮಾದರಿ. ಕೋಡ್ ಓಡುತ್ತದೆ, ಆದರೆ ವಾಹಕತೆ ಪುಸ್ತಕದಲ್ಲಿರುವುದಕ್ಕಿಂತ ಆರು ಪಟ್ಟು ಕಡಿಮೆ ಬರುತ್ತಿದೆ. ಮುಂದೆ ಇದನ್ನೇ ಆರ್ಗಾನ್ ಪ್ಲಾಸ್ಮಾಕ್ಕೂ (ಬಿಡಿ ಎಲೆಕ್ಟ್ರಾನ್‌ಗಳಿರುವ ಆರ್ಗಾನ್ ಅನಿಲ) ಬಳಸಬೇಕು. ನಿಮಗೆಲ್ಲ ಎಲ್ಲಿ ತೊಂದರೆಯಾಯಿತು?

ಉತ್ತರ 1: ಸರಿಯಾಗಿ 6.28 ಪಟ್ಟಾ ಅಂತ ಮೊದಲು ನೋಡಿ. ಹೌದಾದರೆ ಅದು 2 ಪೈ. ನಾನು ಇದರಲ್ಲೇ ಮೂರು ವಾರ ಕಳೆದೆ. ಪ್ಲಾಸ್ಮಾ ಆವರ್ತನ (ಬಿಡಿ ಎಲೆಕ್ಟ್ರಾನ್‌ಗಳ ಗುಂಪು ತಾನಾಗೇ ತೂಗಾಡುವ ಆವರ್ತನ), ಡಿಕ್ಕಿಯ ದರ ಎರಡನ್ನೂ ಹರ್ಟ್ಸ್‌ನಲ್ಲಿ ಎತ್ತಿಕೊಂಡಿದ್ದೆ, ಕೋಡ್ ಕೇಳುತ್ತಿದ್ದದ್ದು ಸೆಕೆಂಡಿಗೆ ಇಷ್ಟು ರೇಡಿಯನ್ ಅಂತ. ಒಂದು ಹರ್ಟ್ಸ್ ಅಂದರೆ ಸೆಕೆಂಡಿಗೆ 2 ಪೈ ರೇಡಿಯನ್. ವಾಹಕತೆಯ ಸೂತ್ರದಲ್ಲಿ ಮೊದಲನೆಯದರ ವರ್ಗ ಮೇಲೆ (ಅಂಶದಲ್ಲಿ) ಇರುತ್ತದೆ, ಎರಡನೆಯದು ಕೆಳಗೆ ಒಂದೇ ಸಲ, ಹಾಗಾಗಿ ಒಂದು 2 ಪೈ ಉಳಿದುಬಿಡುತ್ತದೆ.

ಕೈಯಲ್ಲೇ ಒಂದು ಸಲ ಲೆಕ್ಕ ಹಾಕಿ. ತಾಮ್ರದಲ್ಲಿ ಘನ ಮೀಟರಿಗೆ 8.5×10²⁸ ಬಿಡಿ ಎಲೆಕ್ಟ್ರಾನ್. ಎರಡು ಡಿಕ್ಕಿಗಳ ನಡುವೆ ಸುಮಾರು 2.5×10⁻¹⁴ ಸೆಕೆಂಡ್. ಪ್ಲಾಸ್ಮಾ ಆವರ್ತನ ಸೆಕೆಂಡಿಗೆ 1.6×10¹⁶ ರೇಡಿಯನ್. ವಾಹಕತೆ ಮೀಟರಿಗೆ 6×10⁷ ಸೀಮೆನ್ಸ್ ಹತ್ತಿರ ಬರಬೇಕು. ಆಮೇಲೆ ಕೋಡ್‌ನಲ್ಲಿ ಕ್ಷೇತ್ರವನ್ನು ತುಂಬಾ ನಿಧಾನಕ್ಕೆ ಏರಿಸಿ, ಅಲ್ಲೂ ಇದೇ ಸಂಖ್ಯೆ ಸಿಗುತ್ತಾ ನೋಡಿ. ಸಿಗದಿದ್ದರೆ ಮುಂದಕ್ಕೆ ಹೋಗಲೇಬೇಡಿ.

ಉತ್ತರ 2: ನನ್ನ ಕಥೆ ಬೇರೆ. ನನ್ನದು ಕಾಲದಲ್ಲಿ ಅಲ್ಲ, ಆವರ್ತನದಲ್ಲಿ ಲೆಕ್ಕ ಮಾಡುವ ಕೋಡ್. ಸೂತ್ರ ತೆಗೆದದ್ದು ಎಂಜಿನಿಯರಿಂಗ್ ಪುಸ್ತಕದಿಂದ, ಕೋಡ್ ಬರೆದಿದ್ದು ಭೌತಶಾಸ್ತ್ರದವರ ರೂಢಿಯಲ್ಲಿ. ಇಬ್ಬರ ಪ್ಲಸ್ ಮೈನಸ್ ಚಿಹ್ನೆ ಉಲ್ಟಾ! ತಾಮ್ರ ಅಲೆಯನ್ನು ನುಂಗುವ ಬದಲು ಬೆಳೆಸುತ್ತಿತ್ತು, ಬಿದ್ದದ್ದಕ್ಕಿಂತ ಜಾಸ್ತಿ ವಾಪಸ್ ಬರುತ್ತಿತ್ತು. ಇನ್ನೊಂದು, ಮೈಕ್ರೋವೇವ್, ಇನ್‌ಫ್ರಾರೆಡ್‌ವರೆಗೆ ಡ್ರೂಡ್ ಚೆನ್ನಾಗಿ ನಡೆಯುತ್ತದೆ, ಆದರೆ ಕಣ್ಣಿಗೆ ಕಾಣುವ ಬೆಳಕಿಗೆ ಬಂದರೆ ಸಾಲದು. ತಾಮ್ರದಲ್ಲಿ 2.1 ಎಲೆಕ್ಟ್ರಾನ್ ವೋಲ್ಟ್ ಆಸುಪಾಸಿನಿಂದ ಒಳಗಿನ ಪಟ್ಟಿಯ ಎಲೆಕ್ಟ್ರಾನ್‌ಗಳೂ ಬೆಳಕು ಹೀರಲು ಶುರು ಮಾಡುತ್ತವೆ. ನಮ್ಮ ಮನೆಯ ಚೊಂಬು ಕೆಂಪಗಿರುವುದು ಅದಕ್ಕೇ ಅಲ್ವಾ. ಬರೀ ಡ್ರೂಡ್ ಹಾಕಿದರೆ ಅದು ಬೆಳ್ಳಿ ಥರ ಬೆಳ್ಳಗೆ ಬರುತ್ತದೆ.

ಉತ್ತರ 3: ಆರ್ಗಾನ್ ಬಗ್ಗೆ ಹೇಳುತ್ತೇನೆ, ದಯವಿಟ್ಟು ಇದನ್ನು ಗಮನಿಸಿ. ಲೋಹದಲ್ಲಿ ಡಿಕ್ಕಿಯ ದರ ಒಂದೇ ಸಂಖ್ಯೆ, ಬಿಸಿ ಬದಲಾಗದಿದ್ದರೆ ಅದೂ ಬದಲಾಗದು. ಅನಿಲದಲ್ಲಿ ಹಾಗಲ್ಲ. 0.3 ಎಲೆಕ್ಟ್ರಾನ್ ವೋಲ್ಟ್ ಹತ್ತಿರದ ಎಲೆಕ್ಟ್ರಾನ್‌ಗೆ ಆರ್ಗಾನ್ ಪರಮಾಣು ಇದ್ದೂ ಇಲ್ಲದ ಹಾಗೆ, ನುಸುಳಿಕೊಂಡು ಹೋಗಿಬಿಡುತ್ತದೆ. ಹತ್ತು ಎಲೆಕ್ಟ್ರಾನ್ ವೋಲ್ಟ್ ದಾಟುವಾಗ ಅದೇ ಪರಮಾಣು ದೊಡ್ಡ ಗೋಡೆ. ನಾನು ಸುಮ್ನೆ ಒಂದು ಸ್ಥಿರ ಸಂಖ್ಯೆ ಹಾಕಿ, ಅಲೆ ಎಷ್ಟು ಶಕ್ತಿ ಕೊಟ್ಟಿತು ಅನ್ನುವುದನ್ನೇ ಪೂರ್ತಿ ತಪ್ಪು ಲೆಕ್ಕ ಮಾಡಿದ್ದೆ. ಬೋಲ್ಸಿಗ್ ಪ್ಲಸ್‌ನಂಥ, ಅನಿಲದಲ್ಲಿ ಎಲೆಕ್ಟ್ರಾನ್‌ಗಳ ಡಿಕ್ಕಿ ಲೆಕ್ಕ ಹಾಕುವ ಸಾಫ್ಟ್‌ವೇರ್‌ನಿಂದ ಎಲೆಕ್ಟ್ರಾನ್ ಶಕ್ತಿಗೆ ತಕ್ಕ ದರ ತೆಗೆದುಕೊಳ್ಳಿ. ಒತ್ತಡ ಬದಲಿಸಿದರೆ ದರವೂ ಬದಲಾಗಬೇಕು, ಮರೀಬೇಡಿ.

ಡಿಕ್ಕಿಯ ಮಹತ್ವ ನನಗೆ ಮನಸ್ಸಿಗೆ ಇಳಿದದ್ದು ರೇಡಿಯೋದಿಂದ. ಹಗಲಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಎಲೆಕ್ಟ್ರಾನ್‌ಗಳು ಮೀಡಿಯಂ ವೇವ್ ರೇಡಿಯೋ ಅಲೆಯಿಂದ ಶಕ್ತಿ ಪಡೆದು ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆದು ಕಳೆದುಕೊಳ್ಳುತ್ತವೆ. ರಾತ್ರಿ ಆ ಪದರ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಅಲೆ ಇನ್ನೂ ಮೇಲೆ, ಡಿಕ್ಕಿ ಕಡಿಮೆ ಇರುವ ಕಡೆ ಹೋಗಿ ಪ್ರತಿಫಲಿಸಿ ದೂರದ ಕೇಂದ್ರಗಳು ಕೇಳಿಸುತ್ತವೆ. ನಿಮ್ಮ ಕೋಡ್‌ನಲ್ಲಿ ಒಮ್ಮೆ ಡಿಕ್ಕಿಯನ್ನು ಸೊನ್ನೆ ಮಾಡಿ ನೋಡಿ, ಪ್ಲಾಸ್ಮಾ ಒಂದು ಚೂರೂ ಬಿಸಿಯಾಗಬಾರದು.

ಪ್ರಶ್ನೆ ಕೇಳಿದವರು: ಎರಡೂ ಹರ್ಟ್ಸ್‌ನಲ್ಲೇ ಇದ್ದವು! ತಿದ್ದಿದೆ, ಈಗ 5.9×10⁷ ಬಂತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆರ್ಗಾನ್ ಭಾಗವನ್ನು ಮೊದಲಿಂದ ಬರೆಯುತ್ತೇನೆ, ಡಿಕ್ಕಿ ಸೊನ್ನೆ ಮಾಡಿ ಶುರು.