ರೇಸ್ ಬಿಟ್ಟ ಕುದುರೆ ಪುಕ್ಕಟೆ ಕೊಡ್ತಾರಂತೆ, ಹಸುವಿನ ಕೊಟ್ಟಿಗೇಲಿ ಸಾಕಬಹುದಾ?

ತೋಟದಮನೆ:
ತುಮಕೂರಿನ ಹತ್ತಿರ ಎರಡು ಎಕರೆ ತೆಂಗಿನ ತೋಟ, ಸುತ್ತ ಮುಳ್ಳುತಂತಿ ಬೇಲಿ. ಆರು ವರ್ಷದ ಥರೋಬ್ರೆಡ್ (ರೇಸಿನ ತಳಿ) ಕುದುರೆ, ಬೀಜ ಒಡೆಸಿದ ಗಂಡು. ಮುಂಗಾಲಿನ ಸ್ನಾಯುರಜ್ಜು (ಟೆಂಡನ್) ಒಮ್ಮೆ ಊದಿತ್ತಂತೆ. ನೇಪಿಯರ್ ಹುಲ್ಲು, ಬೂಸಾ ಧಾರಾಳವಾಗಿದೆ. ಹಸುಗಳ ಜೊತೆ ಅದನ್ನೇ ಹಾಕಿದ್ರೆ ಸಾಕಾ?

ಹುರುಳಿಕಾಳು:
ಸಾಲದು, ಅಪಾಯ ಕೂಡ. ನೇಪಿಯರ್‌ನಲ್ಲಿರೋ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತೆ. ಬೂಸಾದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹಲವು ಪಟ್ಟು ಜಾಸ್ತಿ. ಎರಡೂ ಸೇರಿದ್ರೆ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳ್ಕೊಳ್ಳುತ್ತೆ. ಕೆಲವು ತಿಂಗಳಲ್ಲಿ ಕುಂಟು ಶುರು, ಆಮೇಲೆ ದವಡೆ, ಮುಖದ ಮೂಳೆ ಊದುತ್ತೆ. ಹಸುವಿನ ಹೊಟ್ಟೇಲಿ ಮೇವು ಮೊದಲು ಹುದುಗುತ್ತೆ, ಅಲ್ಲಿನ ಸೂಕ್ಷ್ಮಜೀವಿಗಳು ಆಕ್ಸಲೇಟ್ ಒಡೀತವೆ. ಕುದುರೆಗೆ ಆ ಅನುಕೂಲ ಇಲ್ಲ, ಅದರ ಮೇವು ಹುದುಗೋದು ಕೊನೇಲಿ, ದೊಡ್ಡ ಕರುಳಿನಲ್ಲಿ.

450 ಕೆ.ಜಿ. ಕುದುರೆಗೆ ದಿನಕ್ಕೆ 8–9 ಕೆ.ಜಿ. ಒಣಹುಲ್ಲು, ನಾಲ್ಕು ಹೊತ್ತಿಗೆ ಹಂಚಿ. ರೋಡ್ಸ್ ಅಥವಾ ಓಟ್ಸ್ ಹುಲ್ಲು ಒಳ್ಳೇದು, ಜೊತೆಗೆ ಒಂದಿಷ್ಟು ಲೂಸರ್ನ್ ಸೊಪ್ಪು. ಬರೀ ಭತ್ತದ ಹುಲ್ಲು ಹಾಕಿದ್ರೆ ಕರುಳಲ್ಲಿ ಗಟ್ಟಿ ಕಟ್ಟಿಕೊಳ್ಳಬಹುದು. ಕೆಲಸ ಇಲ್ಲದ ಕುದುರೆಗೆ ಕಾಳು ಅಷ್ಟಾಗಿ ಬೇಕಿಲ್ಲ, ಕೊಟ್ಟರೂ ಒಂದು ಹೊತ್ತಿಗೆ 2 ಕೆ.ಜಿ. ಮೀರಬಾರದು. ರೇಸಿನ ಮೇವಿನಿಂದ ಇದಕ್ಕೆ ಬದಲಾಯಿಸೋದು 10 ದಿನದಲ್ಲಿ, ನಿಧಾನವಾಗಿ. ನೀರು 30–40 ಲೀಟರ್. ಕೋಳಿ, ದನದ ಫೀಡ್‌ನಲ್ಲಿ ಮೊನೆನ್ಸಿನ್ ಅನ್ನೋ ಔಷಧಿ ಬೆರೆಸಿರಬಹುದು, ಕುದುರೆಯ ಹೃದಯಕ್ಕೆ ಅದು ವಿಷ. ಅಳತೆ ಡಬ್ಬವೂ ಬೇರೆ ಇಡಿ.

ಲಾಳ:
ಮೇವಿನ ಮಾತು ಆಮೇಲೆ, ಮೊದಲು ಮುಳ್ಳುತಂತಿ ತೆಗೆಸಿ. ಬೆದರಿದ ಕುದುರೆ ಬೇಲಿ ನೋಡಿ ನಿಲ್ಲಲ್ಲ, ಕಾಲು ಸಿಕ್ಕಿದ್ರೆ ಮೂಳೆ ಕಾಣೋವರೆಗೆ ಎಳೆಯುತ್ತೆ. ಮರದ ಅಡ್ಡಪಟ್ಟಿ ಹಾಕಿಸಿ. ಧನುರ್ವಾಯು ಲಸಿಕೆ ತಪ್ಪಿಸಬೇಡಿ. 6–8 ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಎತ್ತಿಗೆ ಲಾಳ ಕಟ್ಟೋರನ್ನ ಕರೆಸಿ ಸುಧಾರಿಸಬಹುದು ಅನ್ಕೋಬೇಡಿ, ಸೀಳುಗೊರಸಿನ ಕೆಲಸವೇ ಬೇರೆ. ಹಸು ಜೊತೇಲಿರೋದು ಒಂಟಿಗಿಂತ ವಾಸಿ ಅಷ್ಟೆ. ಇನ್ನೊಂದು ಕುದುರೆ ಇಲ್ಲದಿದ್ರೆ ಗೂಟ ಕಚ್ಚಿ ಗಾಳಿ ನುಂಗೋ ಚಟ, ನಿಂತಲ್ಲೇ ತೂಗಾಡೋದು ಶುರುವಾಗಬಹುದು.

ದಕ್ಷಿಣಗಾಳಿ:
ಆರು ವರ್ಷದ ಕುದುರೆ ಇನ್ನೂ 20 ವರ್ಷ ಬದುಕಬಹುದು. ಪುಕ್ಕಟೆ ಅನ್ನೋದು ಮೊದಲ ದಿನದ ಲೆಕ್ಕ ಮಾತ್ರ. ತರೋ ಮುಂಚೆ ಸ್ನಾಯುರಜ್ಜಿಗೆ ಅಲ್ಟ್ರಾಸೌಂಡ್, ಗ್ಲಾಂಡರ್ಸ್ ಅನ್ನೋ ಅಂಟುರೋಗಕ್ಕೆ ರಕ್ತಪರೀಕ್ಷೆ ಮಾಡಿಸಿ. ಗ್ಲಾಂಡರ್ಸ್ ಮನುಷ್ಯರಿಗೂ ಹರಡುತ್ತೆ. ನಿಮ್ಮ ಕೈಲಾಗದಿದ್ರೆ ವಾಪಸ್ ತಗೋತೀವಿ ಅಂತ ಕೊಡೋರಿಂದ ಬರೆಸಿಕೊಳ್ಳಿ. ಬೀದಿಗೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ.

ತೋಟದಮನೆ:
ಹತ್ತಿರ ಕುದುರೆ ನೋಡೋ ಡಾಕ್ಟ್ರು ಯಾರೂ ಇಲ್ಲ. ಹೊಟ್ಟೆನೋವು ಬಂದ್ರೆ?

ಹುರುಳಿಕಾಳು:
ನೆಲ ಕೆರೆಯೋದು, ಪಕ್ಕೆ ತಿರುಗಿ ನೋಡೋದು, ಹೊರಳಾಡೋದು, ಲದ್ದಿ ನಿಲ್ಲೋದು: ಇದು ಕಂಡ ಕೂಡಲೇ ಮೇವು ತೆಗೆದು ಡಾಕ್ಟರಿಗೆ ಫೋನ್ ಮಾಡಬೇಕು. ಕುದುರೆಗೆ ವಾಂತಿ ಬರಲ್ಲ, ಜಠರ ಉಬ್ಬಿದ್ರೆ ಮೂಗಿನಿಂದ ಕೊಳವೆ ಇಳಿಸಿ ಖಾಲಿ ಮಾಡಬೇಕು. ಬಾಟಲಿಯಿಂದ ಬಾಯಿಗೆ ಎಣ್ಣೆ ಹೊಯ್ದರೆ ಶ್ವಾಸಕೋಶಕ್ಕೆ ಹೋಗಬಹುದು. ಕೊಳವೆ ಹಾಕಬಲ್ಲವರು ಒಂದೆರಡು ಗಂಟೇಲಿ ಬರೋ ಹಾಗಿಲ್ಲದಿದ್ರೆ ಈ ಕುದುರೆ ಬೇಡ ಅಂದುಬಿಡಿ.