ಫಾಂಡೆಂಟ್‌ಗೆ ‘ಸಕ್ಕರೆ ಕಣಕ’ ಅನ್ನಬಹುದಾ? ಬಿಲ್ಲಿನಲ್ಲಿ ‘ಮಜೂರಿ’ ಬರೆದರೆ ತಪ್ಪಾ?

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ಬಿಲ್ ಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕು ಅಂತ ಕೂತಾಗ ಎರಡು ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲು ನಡೆದದ್ದು ಹೇಳ್ತೀನಿ. ಹೋದ ತಿಂಗಳು ಬೀಳಗಿ ಕಡೆಯ ಒಂದು ಮನೆಯವರು ಮಗನ ಹುಟ್ಟುಹಬ್ಬಕ್ಕೆ ಕಿಲಾರಿ ಎತ್ತಿನ ಕೇಕ್ ಕೇಳಿದರು. ಎರಡು ಕೆಜಿ. ಬಿಲ್ಲಿನಲ್ಲಿ ಹೀಗೆ ಬರೆದೆ: ಕೇಕು, ಕ್ರೀಮು 950, ಫಾಂಡೆಂಟ್ (ಕೇಕಿನ ಮೇಲೆ ಹೊದಿಸುವ ಸಕ್ಕರೆ ಮುದ್ದೆ), ಬಣ್ಣ 550, ಹಲಗೆ, ಡಬ್ಬಿ 150, ಅಲಂಕಾರ 1,800. ಒಟ್ಟು 3,450. ಹುಡುಗನ ತಂದೆ ದುಡ್ಡು ಕೊಟ್ಟು, ‘ಅಕ್ಕಾರ, ಬಲೂನು ಕಟ್ಟಾಕ ಎಷ್ಟಕ್ಕ ಬರ್ತೀರಿ?’ ಅಂದರು. ಅವರ ತಪ್ಪಲ್ಲ. ಅಲಂಕಾರ ಅಂದರೆ ಬಲೂನು, ಬಣ್ಣದ ಕಾಗದ ಅಂತಲೇ ಯಾರಾದರೂ ತಿಳಿಯುತ್ತಾರೆ. ಆ 1,800 ರೂಪಾಯಿ ನನ್ನ ಒಂಬತ್ತು ತಾಸಿನ ಕೈಕೆಲಸ. ತಾಸಿಗೆ 200 ಹಿಡಿದಿದ್ದೆ, ಅಷ್ಟೇ.

ಈ ಸಾಲಿಗೆ ಏನು ಬರೆಯಲಿ? ‘ಕೂಲಿ’ ಅಂದರೆ ದಿನಗೂಲಿ ನೆನಪಾಗುತ್ತೆ. ‘ಕೈಕೆಲಸ’ ಅಂದರೆ ಕಸೂತಿ ಅಂದುಕೊಳ್ಳಬಹುದು. ನನಗೆ ಒಪ್ಪುವುದು ‘ಮಜೂರಿ’. ಬಂಗಾರದ ಅಂಗಡಿಯಲ್ಲಿ ಬಂಗಾರದ ರೇಟು ಬೇರೆ, ಮಜೂರಿ ಬೇರೆ. ನಮ್ಮ ಕಡೆ ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ಅಕ್ಕಸಾಲಿಗರ ಇನ್ನೊಂದು ಸಾಲೂ ನನಗೆ ಬೇಕು. ಎತ್ತಿನ ಬೆನ್ನು, ಕತ್ತು ಬರುವ ಹಾಗೆ ಸ್ಪಂಜು (ಒಳಗಿನ ಬರೀ ಕೇಕು) ಕೆತ್ತಿದಾಗ ಕಾಲು ಕೆಜಿ ತುಂಡು ಹೋಯಿತು. ಬಂಗಾರದ ಅಂಗಡಿಯಲ್ಲಿ ಇಂಥ ನಷ್ಟಕ್ಕೆ ಈಗ ವೇಸ್ಟೇಜ್ ಅಂತಾರೆ. ‘ಸವಕಳಿ’ ಅಂತ ಬರೆದರೆ ನನ್ನ ಕೇಕು ಹಳೇ ಪಾತ್ರೆ ಆಗಿಬಿಡುತ್ತೆ. (ಆ ತುಂಡು ನಮ್ಮ ಮನೆ ಹುಡುಗರ ಹೊಟ್ಟೆಗೆ ಹೋಗುತ್ತೆ ಅನ್ನುವುದನ್ನು ಬಿಲ್ಲಿನಲ್ಲಿ ಬರೆಯಲ್ಲ.)

ಇನ್ನು ಫಾಂಡೆಂಟ್. ಫ್ರೆಂಚಿನಲ್ಲಿ ಈ ಪದಕ್ಕೆ ‘ಕರಗುವಂಥದ್ದು’ ಅಂತ ಅರ್ಥ. ಮೂಲದ ಫಾಂಡೆಂಟ್ ಸಕ್ಕರೆ ಪಾಕ ಕಾಯಿಸಿ, ಆರಿಸಿ, ಬೆಳ್ಳಗಾಗುವ ತನಕ ತಿರುವಿ ಮಾಡುವ ಬೇರೆಯದೇ ಪದಾರ್ಥ. ನಾವು ಕೇಕಿಗೆ ಹೊದಿಸುವುದು ಸಕ್ಕರೆ ಪುಡಿಗೆ ಗ್ಲೂಕೋಸ್, ಗ್ಲಿಸರಿನ್ ಹಾಕಿ ನಾದಿದ್ದು. ಅದು ಕರಗಬಾರದು ಅಂತಲೇ ನಾನು ಒದ್ದಾಡುವುದು! ಬಾಗಲಕೋಟೆಯ ಮೇ ತಿಂಗಳಲ್ಲಿ ಕೈಯಲ್ಲೇ ಮೆತ್ತಗಾಗುತ್ತೆ. ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆದರೆ ಮೈಮೇಲೆ ನೀರು ಕೂತು ಬೆವರುತ್ತೆ. ಹಾಗಾಗಿ ಕರಗುವ ಅರ್ಥದ ಪದ ಬೇಡ.

ಈ ಕೆಲಸ ಮಾಡುವಾಗ ನನ್ನ ಬಾಯಲ್ಲಿ ಬರುವ ಕ್ರಿಯಾಪದಗಳೆಲ್ಲ ಹೋಳಿಗೆಯವೇ. ನಾದುತ್ತೇನೆ, ಮುಚ್ಚಿಡುತ್ತೇನೆ, ಲಟ್ಟಿಸುತ್ತೇನೆ. ಹದ ತಪ್ಪಿದರೆ ಅಂಚು ಬಿರಿಯುತ್ತೆ. ಒಳಗೆ ಹೂರಣ, ಹೊರಗೆ ಕಣಕ. ಅದಕ್ಕೇ ‘ಸಕ್ಕರೆ ಕಣಕ’ ಅಂತ ಹೊಳೆಯಿತು. ಆದರೆ ಕಣಕ ಅಂದಕೂಡಲೇ ಹಿಟ್ಟು, ಬೇಯಿಸುವುದು ನೆನಪಾಗುತ್ತೆ ಅಲ್ವಾ? ಇದರಲ್ಲಿ ಹಿಟ್ಟೂ ಇಲ್ಲ, ಬೆಂಕಿಯೂ ಇಲ್ಲ. ಇದೊಂದೇ ನನ್ನ ಅನುಮಾನ. ‘ಸಕ್ಕರೆ ಹಾಳೆ’ ಅಂತ ಒಬ್ಬ ಗೆಳತಿ ಹೇಳಿದಳು. ಎತ್ತಿನ ಮೇಲೆ ಹೊದಿಸಿದ ಕೆಂಪು ಜೂಲಕ್ಕೆ ಹಾಳೆ ಸರಿ. ಅದನ್ನು ಎರಡು ಮಿಲಿಮೀಟರ್ ದಪ್ಪ ಲಟ್ಟಿಸಿದ್ದೆ. ಉಂಡೆ ಹಿಡಿದು ಮಾಡಿದ ಕೋಡಿಗೆ, ಡುಬ್ಬಕ್ಕೆ ಹಾಳೆ ಅನ್ನೋದು ಹೇಗೆ?

ಕ್ರಿಯಾಪದದಲ್ಲೂ ಒಂದು ಗೊಂದಲ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಗೆ ಕಟ್ಟಿಗೆಯ ಅಚ್ಚಿನಲ್ಲಿ ಪಾಕ ‘ಎರೆಯುತ್ತಾರೆ’. ಸ್ಪಂಜನ್ನು ‘ಕೆತ್ತುತ್ತೇನೆ’, ಅಂದರೆ ತೆಗೆಯುತ್ತೇನೆ. ಎತ್ತಿನ ಮುಖ, ಕಿವಿ ಮಾತ್ರ ಕೆತ್ತಿದ್ದಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಲ್ಲಿ ಮಾಡುವ ಹಾಗೆ ಸೇರಿಸುತ್ತ, ಒತ್ತುತ್ತ ಮಾಡಿದ್ದು. ಇದಕ್ಕೆ ‘ತಿದ್ದಿದ್ದು’ ಸಾಕು ಅಂತ ನನಗನಿಸುತ್ತೆ. ‘ಶಿಲ್ಪ ಕೇಕ್’ ಅಂತ ಒಂದು ಕಡೆ ಓದಿದೆ, ಕಲ್ಲು ಕಡಿದ ಹಾಗಿದೆ. ಬೇಡ.

ಕೊನೆಯದು ಸ್ವಲ್ಪ ನಾಜೂಕಿನದು. ಕೇಕ್ ಒಯ್ದು ಕೊಟ್ಟಾಗ ಆ ಮನೆಯ ಅಜ್ಜಿ, ‘ಬಸವಣ್ಣಗ ಚಾಕು ಹಾಕತಾರೇನ?’ ಅಂದುಬಿಟ್ಟರು. ಎಲ್ಲರೂ ಸುಮ್ಮನಾದರು. ಪುಣ್ಯಕ್ಕೆ ನಾನು ಎತ್ತನ್ನು ಕೂರಿಸಿದ್ದು ಒಂದು ಚೌಕದ ಕೇಕಿನ ಮೇಲೆ. ನಿಲ್ಲಿಸಿದರೆ ಸ್ಪಂಜಿನ ಕಾಲು ಭಾರ ತಡೆಯಲ್ಲ, ಅದಕ್ಕೇ ಮಲಗಿದ ಎತ್ತು ಮಾಡಿದ್ದೆ. ‘ಅಜ್ಜಿ, ಕೊಯ್ಯೂದು ಕಟ್ಟಿನ್ನ, ಬಸವಣ್ಣನ್ನಲ್ಲ’ ಅಂದೆ. ಅವರು ನಕ್ಕರು. ಎತ್ತು ಮೂರು ದಿನ ಶೋಕೇಸಿನಲ್ಲಿ ಇತ್ತಂತೆ, ಆಮೇಲೆ ಹುಡುಗ ಕಿವಿ ತಿಂದನಂತೆ. ಅಲ್ಲಿಂದ ಕೆಳಗಿನ ಕೇಕಿಗೆ ನಾನು ‘ಕಟ್ಟೆ’ ಅಂತಲೇ ಅನ್ನುತ್ತಿದ್ದೇನೆ. ಆದರೆ ‘ಕೊಯ್ಯು’ ಅನ್ನೋದನ್ನು ಬಿಡಬೇಕು. ದೀಪ ಆರಿತು ಅನ್ನದೆ ‘ಶಾಂತವಾಯಿತು’ ಅಂತೀವಲ್ಲ, ಹಾಗೆ ಕೇಕಿಗೆ ನಿಮ್ಮ ಮನೆಗಳಲ್ಲಿ ಯಾವುದಾದರೂ ಮೆತ್ತನೆಯ ಮಾತು ಇದೆಯಾ?

ಬಿಲ್ ಪುಸ್ತಕ ಸೋಮವಾರ ಪ್ರೆಸ್ಸಿಗೆ ಕೊಡಬೇಕು. ‘ಮಜೂರಿ’ ಬೇಡ ಅನ್ನುವವರು ಅಷ್ಟರೊಳಗೆ ಹೇಳಿ.