ಹಿಂದಿನ ಬಾಗಿಲು ತೆರೆದಿಟ್ಟರೆ ಡೀಸೆಲ್ ಉಳಿಯುತ್ತದೆಯಂತೆ

ನಮ್ಮ ತರವಾಡು ಮನೆಯ ವಾಟ್ಸಾಪ್ ಗುಂಪಿನಲ್ಲಿ 43 ಜನರಿದ್ದೇವೆ. ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ 5.42ಕ್ಕೆ ಮಾವ ಹೆಬ್ರಿಯ ಮನೆಯ ಚಾವಡಿಯಲ್ಲಿ ಕುಳಿತು ಅದಕ್ಕೊಂದು ಸಂದೇಶ ಹಾಕಿದರು. ಹತ್ತು ಹೆಜ್ಜೆ ಆಚೆ, ನೀರುದೋಸೆಗೆ ಅಕ್ಕಿ ರುಬ್ಬುತ್ತಿದ್ದ ನನ್ನ ಪಕ್ಕದಲ್ಲಿ ಮೊಬೈಲು ಟಣ್ ಎಂದಿತು. ಮೇಲೆ ‘ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ’ ಎಂಬ ಜೋಡಿ ಬಾಣ, ಕೆಳಗೆ ‘ಹತ್ತು ಜನರಿಗೆ ಕಳುಹಿಸಿ’ ಎಂಬ ಅಪ್ಪಣೆ. ನಡುವೆ, ಫೋರ್‌ವೀಲ್ ಪಿಕ್‌ಅಪ್‌ನ ಮೈಲೇಜನ್ನು ಶೇ 30ರಷ್ಟು ಏರಿಸುವ ಒಂಬತ್ತು ಗುಟ್ಟುಗಳು.

ಅದರಡಿ ಮಾವ ಸ್ವಂತ ಕೈಯಿಂದ ಬರೆದದ್ದು ಒಂದೇ ಸಾಲು: ‘ಎಲ್ಲರೂ ಓದಿ. ಮನೆಯಲ್ಲಿರುವವರೂ ಓದಿದರೆ ಒಳ್ಳೆಯದು.’

ಮನೆಯಲ್ಲಿರುವವರು ಎಂದರೆ ಮಾಳಿಗೆಯಲ್ಲಿ ಮಲಗಿದ್ದ ನನ್ನ ಮೈದುನ. ಚೌತಿಯ ಹೊತ್ತಿಗೆ ಪಿಕ್‌ಅಪ್‌ಗೆ ದಪ್ಪ ಟೈರು ಹಾಕಿಸಿ, ತಲೆಯ ಮೇಲೊಂದು ಕಬ್ಬಿಣದ ಕ್ಯಾರಿಯರ್ ಕೂರಿಸಿಕೊಂಡು ಬಂದವನು ಅವನು. ಅಂದಿನಿಂದ ಗಾಡಿ ಡೀಸೆಲ್ ಕುಡಿಯುತ್ತಿದೆ ಎಂಬುದು ಮಾವನ ದೂರು. ತೋಟದ ಲೆಕ್ಕ ಬರೆಯುವವಳು ನಾನಾದ್ದರಿಂದ ದೂರಿನಲ್ಲಿ ಹುರುಳಿದೆ ಎಂದು ನನಗೆ ಗೊತ್ತಿತ್ತು. ಮೇ ತಿಂಗಳಲ್ಲಿ 486 ಕಿಲೋಮೀಟರಿಗೆ 41.2 ಲೀಟರ್, ಅಂದರೆ ಲೀಟರಿಗೆ 11.8. ಅಕ್ಟೋಬರಿನಲ್ಲಿ 426 ಕಿಲೋಮೀಟರಿಗೆ 43 ಲೀಟರ್, 9.9. ಆದರೆ ನನ್ನನ್ನು ಯಾರೂ ಕೇಳಿರಲಿಲ್ಲ.

ಸುರತ್ಕಲ್ ಬಾವ: ಮೂಲ ಯಾವುದು?

ಬಾವ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಕಲಿಸಿ ನಿವೃತ್ತರಾದವರು. 2020ರಲ್ಲಿ ಕಾಪು ಅತ್ತೆಯ ಕಷಾಯದ ಸಂದೇಶಕ್ಕೂ ಇದೇ ಎರಡು ಪದ ಬರೆದಿದ್ದರು. ಅತ್ತೆ ಗುಂಪು ಬಿಟ್ಟು ಹನ್ನೊಂದು ದಿನ ಬಂದಿರಲಿಲ್ಲ. ಆ ಗಾಯ ಒಣಗಿಲ್ಲ ಎಂಬುದು ಮರುಕ್ಷಣವೇ ತಿಳಿಯಿತು.

ಕಾಪು ಅತ್ತೆ: ಹಿರಿಯರು ಹಾಕಿದ್ದಕ್ಕೆ ಮೂಲ ಕೇಳುವುದು ಯಾವ ಸಂಸ್ಕಾರ? ಒಳ್ಳೆಯದಿದ್ದರೆ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಬಿಡಬೇಕು.

ಸುರತ್ಕಲ್ ಬಾವ: ಬಿಡಲಿಕ್ಕಾದರೂ ಓದಬೇಕಲ್ಲ. ನಾಲ್ಕನೆಯ ಗುಟ್ಟು ನೋಡಿ. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಬೇಕಂತೆ. ಎಲೆಕ್ಟ್ರಾನಿಕ್ ಇಂಜೆಕ್ಷನ್ ಇರುವ ಡೀಸೆಲ್ ಗಾಡಿಯಲ್ಲಿ, ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನಿಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ಚಕ್ರಗಳೇ ಅದನ್ನು ತಿರುಗಿಸುತ್ತವೆ. ನ್ಯೂಟ್ರಲ್ ಮಾಡಿದಿರೋ, ಇಂಜಿನ್ ಆರದಿರಲು ಮತ್ತೆ ಡೀಸೆಲ್ ಬೇಕು. ಉಳಿತಾಯವೂ ಇಲ್ಲ, ಇಂಜಿನ್ನಿನ ಹಿಡಿತವೂ ಇಲ್ಲ. ಆಗುಂಬೆಯ 14 ತಿರುವನ್ನು ಬರೀ ಬ್ರೇಕಿನಲ್ಲಿ ಇಳಿದರೆ ಸೋಮೇಶ್ವರ ಬರುವಷ್ಟರಲ್ಲಿ ಬ್ರೇಕು ಕಾದು ಹೊಗೆಯಾಡುತ್ತದೆ.

ಮಾವ: ನಾನು ನ್ಯೂಟ್ರಲ್ ಮಾಡುವವನಲ್ಲ. ಅದು ಓದುವವರ ವಿವೇಕಕ್ಕೆ ಬಿಟ್ಟದ್ದು.

ಮಸ್ಕತ್ ಬಾವ: ಐದನೆಯದು ಸರಿ ಇದೆ. ಬೆಳಗ್ಗಿನ ತಂಪಿನಲ್ಲಿ ಡೀಸೆಲ್ ಹಾಕಿಸಿದರೆ ಲಾಭ.

ಸುರತ್ಕಲ್ ಬಾವ: ಬಂಕಿನ ಟ್ಯಾಂಕು ನೆಲದ ಅಡಿಯಲ್ಲಿದೆ. ಅಲ್ಲಿಗೆ ಬೆಳಗು ಬೈಗು ಎಂಬುದಿಲ್ಲ. ಒಂದು ಡಿಗ್ರಿ ವ್ಯತ್ಯಾಸ ಇದ್ದರೂ 40 ಲೀಟರಿಗೆ 35 ಮಿಲಿಲೀಟರ್ ಕೂಡ ಇಲ್ಲ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕೇ?

ಇಷ್ಟರಲ್ಲಿ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಪುಟ್ಟಿ ಎದ್ದಳು. ಒಂಬತ್ತೂ ಗುಟ್ಟುಗಳನ್ನು ಕೊನೆಯವರೆಗೆ ಓದಿದವಳು ಬಹುಶಃ ಅವಳೊಬ್ಬಳೇ.

ಪುಟ್ಟಿ: ಎರಡನೆಯದು ತಮಾಷೆಯಾಗಿದೆ. ಖಾಲಿ ಪಿಕ್‌ಅಪ್‌ನ ಹಿಂದಿನ ಬಾಗಿಲು ತೆರೆದಿಟ್ಟರೆ ಗಾಳಿ ಸರಾಗವಾಗಿ ಹೋಗಿ ಡೀಸೆಲ್ ಉಳಿಯುತ್ತದೆಯಂತೆ. ನೋಡಿದರೆ ಹಾಗೆಯೇ ಅನಿಸುತ್ತದೆ, ಆದರೆ ಆಗುವುದು ಉಲ್ಟಾ. ಬಾಗಿಲು ಮುಚ್ಚಿದ್ದಾಗ ಹಿಂಭಾಗದ ತೊಟ್ಟಿಯಲ್ಲಿ ಗಾಳಿಯ ಒಂದು ಸುಳಿ ನಿಂತಲ್ಲೇ ಸುತ್ತುತ್ತಿರುತ್ತದೆ. ಕ್ಯಾಬಿನ್ನಿನ ಮೇಲಿಂದ ಬಂದ ಗಾಳಿ ಆ ಸುಳಿಯ ಬೆನ್ನೇರಿ ಜಾರಿಹೋಗುತ್ತದೆ. ಬಾಗಿಲು ತೆರೆದರೆ ಸುಳಿ ಒಡೆಯುತ್ತದೆ, ತಡೆ ಹೆಚ್ಚುತ್ತದೆ.

ಮಾವ: ಪರೀಕ್ಷೆ ಯಾವಾಗ ಮಗಳೇ? ಬೆಳಗಾಗೆದ್ದು ಮೊಬೈಲು ಹಿಡಿಯುವುದು ಒಳ್ಳೆಯದಲ್ಲ.

5.42ಕ್ಕೆ ಸಂದೇಶ ಹಾಕಿದವರು ಯಾರೆಂದು ಅವಳು ಕೇಳಲಿಲ್ಲ. ಸೊಸೆಯಾದ ನಾನೂ ಕೇಳಲಿಲ್ಲ.

ಮುಂಬೈ ಬಾವ ಎದ್ದದ್ದು ಎಂಟು ಗಂಟೆಗೆ. ಡೊಂಬಿವಿಲಿಯಲ್ಲಿ ಕುಳಿತು ಊರಿನ ಗಾಡಿಯ ಬಗ್ಗೆ ಅವರಿಗಿರುವ ಕಾಳಜಿ ನಮಗ್ಯಾರಿಗೂ ಇಲ್ಲ.

ಮುಂಬೈ ಬಾವ: ಏಳನೆಯದು, ಡೀಸೆಲ್ ಪೈಪಿಗೆ ಅಯಸ್ಕಾಂತ ಕಟ್ಟುವುದು, ನನ್ನ ಸ್ನೇಹಿತ ಮಾಡಿಸಿದ್ದಾನೆ. ಬಹಳ ಫರಕು ಕಂಡಿದೆ. ಬೇಕಾದರೆ ಎರಡು ಕಳುಹಿಸುತ್ತೇನೆ.

ಸುರತ್ಕಲ್ ಬಾವ: ಡೀಸೆಲ್ಲೇನು ಕಬ್ಬಿಣದ ಪುಡಿಯೇ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮೈಲೇಜ್ ಹೆಚ್ಚಿಸುತ್ತೇವೆ ಎನ್ನುವ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಹೇಳಿಕೊಳ್ಳುವಂಥ ಉಳಿತಾಯ ಸಿಕ್ಕಿದ್ದು ಇಲ್ಲವೇ ಇಲ್ಲ ಎನ್ನುವಷ್ಟು.

ಮೈದುನ: ಅಯಸ್ಕಾಂತ ಬೇಡ ಬಾವ. 2019ರಲ್ಲಿ ಗೃಹಪ್ರವೇಶಕ್ಕೆಂದು ಒಯ್ದ ಗಾಡಿಯಲ್ಲಿ ಡೀಸೆಲ್ ತುಂಬಿಸಿ ಕೊಟ್ಟಿದ್ದರೆ ಸಾಕಿತ್ತು.

ಕೆಲವು ನಿಮಿಷ ಯಾರೂ ಏನೂ ಬರೆಯಲಿಲ್ಲ. ನಮ್ಮ ಗುಂಪಿನಲ್ಲಿ ನಿಜವಾಗಿ ಓದುವುದು ಇಂಥ ಸಾಲನ್ನು ಮಾತ್ರ. 43 ನೀಲಿ ಗೀರುಗಳೂ ಬಿದ್ದಿರಬೇಕು.

ಮುಂಬೈ ಬಾವ: ರಿಸರ್ವಿಗೆ ಬಂದಿತ್ತು, ಖಾಲಿ ಆಗಿರಲಿಲ್ಲ. ನಾಲ್ಕು ದಿನದ ಚಾಕರಿಗೆ ಇಷ್ಟು ವರ್ಷ ಲೆಕ್ಕ ಇಡುತ್ತೀರಿ ಎಂದು ಗೊತ್ತಿದ್ದರೆ ಬಾಡಿಗೆಗೆ ಟೆಂಪೊ ಮಾಡುತ್ತಿದ್ದೆ. ಆ ಗಾಡಿಗೆ ಅಪ್ಪನ ಕಾಲದ ತೋಟದ ಹಣವೂ ಸೇರಿದೆ ಎಂಬುದನ್ನು ಮರೆಯಬೇಡ.

ಕಾಪು ಅತ್ತೆ: ಹಣದ ಮಾತು ಬೇಡ ಮಕ್ಕಳೇ. ದೈವ ನೋಡುತ್ತದೆ.

ಇಂಥ ಹೊತ್ತಿಗೆ ಮಸ್ಕತ್ ಬಾವ ನೆರವಿಗೆ ಬರುತ್ತಾರೆ. ಜಗಳ ಬಿಡಿಸುವ ಉದ್ದೇಶ ಅವರಿಗಿರುವುದಿಲ್ಲ. ಜಗಳ ಆಗುತ್ತಿದೆ ಎಂದೇ ಅವರಿಗೆ ತಿಳಿದಿರುವುದಿಲ್ಲ.

ಮಸ್ಕತ್ ಬಾವ: ಅಜ್ಜ ಹೇಳುತ್ತಿದ್ದರಲ್ಲ, ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡಿಸುತ್ತಿದ್ದರಂತೆ. ಬೆಳಿಗ್ಗೆ ಒಬ್ಬ ಆಳು ಬಸ್ಸಿನ ಹಿಂದೆ ನಿಂತು ಒಲೆ ಊದಿದ ಹಾಗೆ ಗಾಳಿ ತಿರುಗಿಸಬೇಕು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಮದುವೆಗೆ ಹೊರಟವರ ಬಿಳಿ ಪಂಚೆಯೆಲ್ಲ ಮಸಿ. ಆಗ ಮೈಲೇಜು ಎಷ್ಟಿತ್ತೋ!

ಮಾವ: ಅಪ್ಪಯ್ಯನ ಮದುವೆಯ ದಿಬ್ಬಣವೇ ಆ ಬಸ್ಸಿನಲ್ಲಿ ಹೋದದ್ದು. ಕಾರ್ಕಳದ ಹತ್ತಿರ ನಿಂತುಹೋಯಿತಂತೆ. ಮುಹೂರ್ತ ತಪ್ಪಲಿಲ್ಲ.

ದಿಬ್ಬಣದಲ್ಲಿ ಯಾರು ಯಾರಿದ್ದರು, ಮದುಮಗ ನಡೆದು ಹೋದನೋ ಎತ್ತಿನ ಗಾಡಿಯಲ್ಲೋ, ಕಾರ್ಕಳವೋ ಬೆಳ್ಮಣ್ಣೋ ಎಂಬುದರ ಮೇಲೆ ಮೂವತ್ತೆರಡು ಸಂದೇಶಗಳು ಬಂದವು. ಅವನ್ನು ಇಲ್ಲಿ ಬರೆಯುವುದಿಲ್ಲ. ಒಲೆಯಿಂದ ದೋಸೆಕಾವಲಿ ಇಳಿಸಿ ನಾನು ಲೆಕ್ಕದ ಪುಸ್ತಕ ತೆಗೆದೆ.

ನಾನು: ಮೈಲೇಜು ಇಳಿದದ್ದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಸುಳ್ಳು. ಮೊದಲಿದ್ದ ಟೈರು 245/70 ಆರ್ 16. ಈಗಿನದು 265/75 ಆರ್ 16. ವ್ಯಾಸ ಶೇ 7ರಷ್ಟು ದೊಡ್ಡದು. ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಿಲ್ಲ. ಮೊನ್ನೆ ಮಂಗಳೂರಿಗೆ ಹೋಗುವಾಗ ಪಡುಬಿದ್ರಿಯಿಂದ ಹೆದ್ದಾರಿ 66ರ ಕಲ್ಲು ಎಣಿಸಿದೆ. 20 ಕಿಲೋಮೀಟರಿಗೆ ಮೀಟರ್ ತೋರಿಸಿದ್ದು 18.6. ಆ ಲೆಕ್ಕದಲ್ಲಿ ಅಕ್ಟೋಬರಿನ 9.9 ನಿಜವಾಗಿ 10.6. ಉಳಿದ ನಷ್ಟಕ್ಕೆ ಮೊದಲು ನೋಡಬೇಕಾದದ್ದು ಕ್ಯಾರಿಯರ್. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. ಹೆದ್ದಾರಿಯಲ್ಲಿ ಖಾಲಿ ಕ್ಯಾರಿಯರ್ ಹೊತ್ತು ಓಡುವುದು ದಂಡ. ಟೈರಿನ ಗಾಳಿಯನ್ನೂ ನೋಡಿಸಬೇಕು.

ಎರಡು ನಿಮಿಷದ ಮೇಲೆ ಕಾಪು ಅತ್ತೆ ಕಮಲದ ಹೂವಿನ ಚಿತ್ರ ಹಾಕಿ ಶುಭ ಭಾನುವಾರ ಕೋರಿದರು. ಸುರತ್ಕಲ್ ಬಾವ ಹೆಬ್ಬೆರಳು ಎತ್ತಿದರು. ಅಷ್ಟೇ. ಮೈದುನ ಮಾತ್ರ ನನಗೆ ಪ್ರತ್ಯೇಕವಾಗಿ ಬರೆದ: ‘ಅತ್ತಿಗೆ, ಟೈರಿನ ತಪ್ಪಲ್ಲ ಎಂದು ದಪ್ಪ ಅಕ್ಷರದಲ್ಲಿ ಹಾಕಿ.’ ಅವನು ನನ್ನ ಸಂದೇಶವನ್ನು ಅರ್ಧವೇ ಓದಿದ್ದ. ಟೈರು ದೊಡ್ಡದಾದಷ್ಟೂ ಭಾರ. ಘಾಟಿ ಹತ್ತುವಾಗ ಮೇಲಿನ ಗೇರಿನಲ್ಲಿ ಎಳೆದ ಹಾಗೆ ಇಂಜಿನ್ ಒದ್ದಾಡುತ್ತದೆ. ಅದು ಸುಳ್ಳು ಲೆಕ್ಕವಲ್ಲ.

ಅಷ್ಟರಲ್ಲಿ ಗುಂಪಿನಲ್ಲಿ ಚರ್ಚೆ ಎಂಟನೆಯ ಗುಟ್ಟಿಗೆ ಬಂದಿತ್ತು. ಒಂಬತ್ತರಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಅದೇ, ಜಗಳ ಕಾವೇರಿದ್ದೂ ಅದರಲ್ಲೇ.

ಸುರತ್ಕಲ್ ಬಾವ: ಒಣ ಡಾಂಬರಿನಲ್ಲಿ ಫೋರ್‌ ಹೈ, ಅಂದರೆ ನಾಲ್ಕೂ ಚಕ್ರಕ್ಕೆ ಎಳೆತ ಕೊಡುವ ಗೇರು, ಹಾಕಬಾರದು ಎಂದಿರುವುದು ಸರಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ನಮ್ಮ ಗಾಡಿಯಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ (ಚಕ್ರದ ಅಚ್ಚುಗಳ) ನಡುವೆ, ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರದ ಜೋಡಣೆ ಇಲ್ಲ. ಮುಂದೆ ಹಿಂದೆ ಒಂದೇ ಲೆಕ್ಕದಲ್ಲಿ ತಿರುಗಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರುವುದಿಲ್ಲ. ಸ್ಟಿಯರಿಂಗ್ ಬಿಗಿಯುತ್ತದೆ, ಟೈರು ಸವೆಯುತ್ತದೆ, ಡೀಸೆಲ್ ಸುಡುತ್ತದೆ.

ಮಾವ: ಜೂನ್‌ನಿಂದ ನಾನು ಆಗುಂಬೆಯನ್ನು ಫೋರ್‌ ಹೈನಲ್ಲೇ ಹತ್ತಿ ಇಳಿದಿದ್ದೇನೆ. 14ರಲ್ಲಿ ಒಂದು ತಿರುವಿನಲ್ಲೂ ಸ್ಟಿಯರಿಂಗ್ ಬಿಗಿಯಲಿಲ್ಲ. ಪುಸ್ತಕ ಓದಿದವರಿಗೆ ಮಾತ್ರ ಬಿಗಿಯುತ್ತದೆಯೋ ಏನೋ.

ಸುರತ್ಕಲ್ ಬಾವ: ಬಿಗಿಯದಿರಲು ಸಾಧ್ಯವಿಲ್ಲ.

ಮಾವ: ಹಾಗಾದರೆ ನಾನು ಸುಳ್ಳು ಹೇಳುತ್ತಿದ್ದೇನೆ. ಆಗಸ್ಟ್‌ನಲ್ಲಿ ಅಡಿಕೆಯ ಟೆಂಪೊ ತೋಟದಲ್ಲಿ ಹೂತಾಗ ಎಳೆದದ್ದು ಯಾವುದು? ಫೋರ್‌ವೀಲ್ ಅಲ್ಲವೇ? ಅದೂ ಸುಳ್ಳೇ?

ಕಾಪು ಅತ್ತೆ: ಅಣ್ಣ ಸುಳ್ಳು ಹೇಳಿದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಮಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಅದು ನಿಜ. ಬಾವ ಹೇಳಿದ್ದೂ ನಿಜ. ಎರಡೂ ಒಂದೇ ಗಾಡಿಯಲ್ಲಿ ನಿಜವಾಗುವುದು ಹೇಗೆ ಎಂಬುದು ಮಧ್ಯಾಹ್ನದ ಊಟದವರೆಗೂ ನನ್ನ ತಲೆಯಿಂದ ಹೋಗಲಿಲ್ಲ. ಮಾವ ಮಲಗಿದ ಮೇಲೆ ಟಾರ್ಚು ಹಿಡಿದು ಕೊಟ್ಟಿಗೆಯ ಮಾಡಿನಡಿ ನಿಂತ ಪಿಕ್‌ಅಪ್‌ನ ಬಳಿ ಹೋದೆ.

ನಮ್ಮದು ಹಳೆಯ ಕ್ರಮದ ಗಾಡಿ. ಮುಂದಿನ ಒಂದೊಂದು ಚಕ್ರದ ನಡುಮಧ್ಯೆಯೂ ಗಡಿಯಾರದ ಮುಚ್ಚಳದಷ್ಟು ದೊಡ್ಡ ತಿರುಗುಗುಂಡಿ ಇದೆ. ‘ಲಾಕ್’ ಎಂದು ತಿರುಗಿಸಿದರೆ ಚಕ್ರ ಆಕ್ಸಲ್ಲಿಗೆ ಕಚ್ಚಿಕೊಳ್ಳುತ್ತದೆ, ‘ಫ್ರೀ’ ಎಂದರೆ ಬಿಟ್ಟುಕೊಳ್ಳುತ್ತದೆ. ಫೋರ್‌ವೀಲ್ ಬೇಕಾದಾಗ ಎರಡೂ ಲಾಕ್, ಬೇಡದಾಗ ಎರಡೂ ಫ್ರೀ. ಬಲದ ಗುಂಡಿ ಫ್ರೀಯಲ್ಲಿತ್ತು. ಎಡದ್ದರ ಮೇಲೆ ಕೆಂಪುಕಲ್ಲಿನ ಕೆಸರು ಒಣಗಿ ಹಪ್ಪಳವಾಗಿತ್ತು. ತೆಂಗಿನ ಕಡ್ಡಿಯಿಂದ ಕೆರೆದು, ಸೆರಗಿನಿಂದ ಒರೆಸಿದೆ. ಬಾಣದ ಗುರುತು ನೇರ ಲಾಕ್‌ಗೆ ಮುಖ ಮಾಡಿತ್ತು.

ಮಳೆಗಾಲದ ಮೊದಲ ದಿನ ಯಾರೋ ಎಡದ್ದನ್ನು ತಿರುಗಿಸಿ, ಬಲದ ಬದಿಗೆ ಬರುವಷ್ಟರಲ್ಲಿ ಮಳೆ ಹೊಯ್ದಿರಬೇಕು. ಒಂದು ಬದಿ ಕಚ್ಚಿ ಇನ್ನೊಂದು ಬದಿ ಬಿಟ್ಟುಕೊಂಡಿದ್ದರೆ, ಮುಂದಿನ ಡಿಫರೆನ್ಷಿಯಲ್ ಸುಲಭದ ದಾರಿ ಹಿಡಿದು ಬಲದ ಸಡಿಲ ಆಕ್ಸಲ್ಲನ್ನೇ ಗರಗರ ತಿರುಗಿಸುತ್ತದೆ. ಮುಂದಿನ ಚಕ್ರಗಳಿಗೆ ಎಳೆತವೇ ಹೋಗುವುದಿಲ್ಲ. ಹಾಗಾಗಿಯೇ ಆಗುಂಬೆಯಲ್ಲಿ ಸ್ಟಿಯರಿಂಗ್ ಬಿಗಿಯಲಿಲ್ಲ. ಜೂನ್‌ನಿಂದ ಮಾವ ಫೋರ್‌ ಹೈ ಹಾಕಿದಾಗಲೆಲ್ಲ ಮುಂದಿನ ಹಲ್ಲುಚಕ್ರಗಳು ಎಣ್ಣೆ ಕಡೆಯುತ್ತಾ ಡೀಸೆಲ್ ತಿಂದಿವೆ, ಗಾಡಿ ನಡೆದದ್ದು ಮಾತ್ರ ಹಿಂದಿನ ಎರಡು ಚಕ್ರದಲ್ಲಿ. ಆಗಸ್ಟ್‌ನ ಟೆಂಪೊವನ್ನೂ ಎಳೆದದ್ದು ಆ ಎರಡು ಚಕ್ರ ಮತ್ತು ಹಿಂದಿನಿಂದ ತಳ್ಳಿದ ಒಂಬತ್ತು ಜನ. ಆ ಒಂಬತ್ತು ಜನರಿಗೆ ಗಂಜಿ ಬಡಿಸಿದವಳು ನಾನೇ.

ಇದನ್ನು ಗುಂಪಿನಲ್ಲಿ ಬರೆದೆ. ಕಳುಹಿಸುವ ಮೊದಲು ಇನ್ನೊಮ್ಮೆ ಓದಿ ಅಳಿಸಿದೆ. ಎಡದ ಗುಂಡಿಯನ್ನು ಇಕ್ಕಳದಲ್ಲಿ ಹಿಡಿದು ಫ್ರೀಗೆ ತಿರುಗಿಸಿ, ಲೆಕ್ಕದ ಪುಸ್ತಕದಲ್ಲಿ ತಾರೀಕು ಮತ್ತು ಮೀಟರಿನ ಅಂಕಿ ಬರೆದಿಟ್ಟೆ. ಮಳೆಗಾಲಕ್ಕೆ ಮೊದಲು ಎರಡೂ ಗುಂಡಿಗಳ ವಿಷಯವನ್ನು ಡ್ರೈವರನ ಕಿವಿಗೆ ಹಾಕಿದರಾಯಿತು.

ಸೋಮವಾರ ಬೆಳಿಗ್ಗೆ 5.50ಕ್ಕೆ ಮೊಬೈಲು ಟಣ್ ಎಂದಿತು.

ಮಾವ: ಪಿಕ್‌ಅಪ್‌ನ ಎಡ ಮುಂದಿನ ಚಕ್ರದ ಕೆಸರು ಒರೆಸಿದವರು ಯಾರು? ಒಂದೇ ಚಕ್ರ ಒರೆಸುವುದು ಯಾವ ಸೀಮೆಯ ಕ್ರಮ?

ಎಂದೂ ಎಂಟಕ್ಕೆ ಮೊದಲು ಏಳದ ಮುಂಬೈ ಬಾವ ಅದಾಗಲೇ ಏನೋ ಟೈಪ್ ಮಾಡುತ್ತಿದ್ದರು.